ಎಲ್ಲಾ ಚೊಲೋ ಐತಿ ಅಂದ ಪಾಲಯ್ಯ

ಪಾಪಿನಾಯಕನಹಳ್ಳಿಯಿಂದಾಚೆ ಇರುವ ನಮ್ಮೂರಿನಲ್ಲಿ ಈಗ ಬಂಡಿಗಳಿಗಿಂತ ಅದಿರು ಲಾರಿಗಳೇ ಹೆಚ್ಚು. ಅವುಗಳ ಧೂಳಿಗೆ ಒಣಹಾಕಿದ ಬಟ್ಟೆಯೂ ಕೆಂಪು, ಬೇವಿನ ಎಲೆಯೂ ಕೆಂಪು. ಊರು ರಸ್ತೆಯ ಈಚೆ, ಶಾಲೆ ಆಚೆ. ಸಂಜೆ ನಾಲ್ಕೂವರೆಗೆ ಶಾಲೆ ಬಿಡುವ ಹೊತ್ತಿಗೇ ಲಾರಿಗಳ ಸಾಲು ಶುರು. ಹೋದ ವಾರ ಆರನೇ ಕ್ಲಾಸಿನ ಹೇಮಾವತಿ ರಸ್ತೆ ದಾಟುವಾಗ ಲಾರಿಯಿಂದ ಕೂದಲೆಳೆಯಲ್ಲಿ ಪಾರಾದಳು. ಅವಳಪ್ಪ ಪಾಲಯ್ಯ ಅಂದೇ ಹೇಳಿಬಿಟ್ಟ: ಸೋಮವಾರದಿಂದ ಹುಡುಗಿ ಮನೆಯಲ್ಲಿರಲಿ.

ಅಷ್ಟರಲ್ಲಿ ಶಾಲೆಯಿಂದ ಮನೆಮನೆಗೆ ಒಂದು ಕಾಗದ ಬಂತು. 'ಶಾಲೆಯ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ' ಎಂದು ಅದರಲ್ಲಿತ್ತು.

"ಎಲ್ಲಾ ಚೊಲೋ ಐತಿ ಅಂತ ಬರದು ಕೊಡವ್ವಾ," ಎಂದ ಪಾಲಯ್ಯ ಮಗಳಿಗೆ.

ಕಾಗದ ಇಸಿದುಕೊಳ್ಳಲು ಬಂದಿದ್ದ ಪಕ್ಕದ ಮನೆಯ ದುರ್ಗಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸದಸ್ಯೆ.

"ಎಲ್ಲಾ ಚೊಲೋ ಇದ್ರ ಹುಡುಗೀನ ಯಾಕ ಶಾಲಿ ಬಿಡಸ್ತೀಯಪ್ಪಾ?"

ಪಾಲಯ್ಯ ತಲೆ ಕೆರೆದುಕೊಂಡ. "ಮತ್ತ ದೂರು ಬರಸಲೇನು ಯಕ್ಕಾ? ನಾಳೆ ಮಾಸ್ತರು ಹುಡುಗಿ ಮ್ಯಾಲ ಸಿಟ್ಟಾದ್ರ?"

"ದೂರು ಯಾರು ಕೇಳ್ಯಾರ? ಹೋದ ವರ್ಷ ನಲವತ್ತು ಮನಿಯೋರು ಚೊಲೋ ಐತಿ, ಚೊಲೋ ಐತಿ ಅಂತನ ಬರದಿದ್ರು. ಹೆಡ್‌ಮಾಸ್ತರು ತಲಿ ಹಿಡ್ಕಂಡು ಕುಂತ್ರು, 'ಇದನ್ನ ಓದಿ ನಾನೇನು ಸರಿ ಮಾಡ್ಲಿ?' ಅಂತ. ಅವ್ರು ಹೊಸಪೇಟೆಯಿಂದ ಬರೋರು. ಲಾರಿ ಯಾವಾಗ ಬಿಡ್ತಾರ, ಯಾವಾಗ ನಿಲ್ಲಸ್ತಾರ, ಅವ್ರಿಗೆ ಹೆಂಗ ಗೊತ್ತಾಗಬೇಕು? ಅಳದಿದ್ರ ತಾಯಿನೂ ಹಾಲು ಕೊಡಂಗಿಲ್ಲ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಾಯಕ್ಕ ಅಲ್ಲಿಂದಲೇ ಕೂಗಿದಳು. "ನಿಮಗ ಗೊತ್ತಲ್ರೀ! ದಿನಾ ಲಾರಿಗೆ ತಾಡಪಾಲ ಕಟ್ಟೋರು ನೀವ ಅಲ್ಲೇನು?"

ಪಾಲಯ್ಯ ಬೆರಳು ಮಡಚಿ ಹೊತ್ತು ಲೆಕ್ಕ ಹಾಕಿದ. "ಹೌದಲ್ಲ! ಮೂರೂವರಿಯಿಂದ ನಾಕೂಕಾಲು ತನಕ ಗಣಿಯಾಗ ಶಿಫ್ಟ್ ಬದಲಿ. ಆವಾಗ ರಸ್ತಿ ಖಾಲಿ. ಮುಂಜಾನೆನೂ ಹತ್ತರ ತನಕ ಲಾರಿ ಬಿಡಂಗಿಲ್ಲ."

"ಅದನ್ನ ಬರಸು," ಎಂದಳು ದುರ್ಗಕ್ಕ. ಹೇಮಾವತಿ ಪೆನ್ನು ಹುಡುಕಲು ಓಡಿದಳು.

ಕಾಗದ ಓದಿದ ಹೆಡ್‌ಮಾಸ್ತರು ಪಾಲಕರ ಸಭೆ ಕರೆದರು. ಶಾಲೆ ಅರ್ಧ ತಾಸು ಮೊದಲೇ ಶುರುವಾಗಿ ನಾಲ್ಕಕ್ಕೇ ಬಿಡಲಿ ಎಂದು ಎಲ್ಲರೂ ಒಪ್ಪಿದರು. ಬಿಡುವ ಹೊತ್ತಿಗೆ ಇಬ್ಬರು ತಾಯಂದಿರು ಪಾಳಿಯಂತೆ ರಸ್ತೆ ಬದಿ ನಿಲ್ಲುವುದೂ ನಿಶ್ಚಯವಾಯಿತು. ಸಭೆ ಮುಗಿದ ಮೇಲೆ ಹೆಡ್‌ಮಾಸ್ತರು ಪಾಲಯ್ಯನ ಕೈ ಹಿಡಿದುಕೊಂಡು, "ಇದು ಯಾವ ಪುಸ್ತಕದಾಗೂ ಇರಲಿಲ್ಲರೀ, ನೀವು ಕಲಿಸಿದ್ರಿ," ಎಂದರು. ಹೆಬ್ಬೆಟ್ಟಿನ ಪಾಲಯ್ಯನಿಗೆ ಕಣ್ಣು ತುಂಬಿ ಬಂತು. ಸೋಮವಾರ ಮಗಳ ಪಾಟಿಚೀಲ ಹೊತ್ತುಕೊಂಡು ಶಾಲೆಯ ಗೇಟಿನ ತನಕ ಅವನೇ ಬಂದ.

ಅಪ್ಪಂದಿರೇ, ಅವ್ವಂದಿರೇ, ಪಾಠ ಮಾಸ್ತರಿಗೆ ಗೊತ್ತು. ಆದರೆ ನಿಮ್ಮ ಮಗು ಶಾಲೆಗೆ ಹೋಗಲು ಯಾಕೆ ಹೆದರುತ್ತದೆ, ಮಧ್ಯಾಹ್ನದ ಊಟ ಯಾಕೆ ಬಿಡುತ್ತದೆ ಎನ್ನುವುದು ನಿಮಗೇ ಗೊತ್ತು. ಶಾಲೆ ಕೇಳಿದಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ. ಬರೆಯಲು ಬಾರದಿದ್ದರೆ ಹೋಗಿ ಬಾಯಿಬಿಟ್ಟು ಹೇಳಿ. ಮಗುವನ್ನು ಶಾಲೆ ಬಿಡಿಸುವ ಮುಂಚೆ, ಆ ಶಾಲೆಗೆ ಒಂದು ಮಾತು ಹೇಳಿ ನೋಡಿ.