ಖುಷ್ಕಿ ಹೊಲದ ಕುಣಿ

"ಲಗೂನ ಹಾಕ್ರೋ ಗುದ್ದಲಿ! ಹೊತ್ತ ಏರಾಕತ್ತೇತಿ" ಎಂದು ರಾಜಾರಾಮ ಕುಣಿಯೊಳಗಿನವರಿಗೆ ಕೂಗಿದ. ಅವನ ಅಣ್ಣ ಮುರಗೆಪ್ಪ ತೊಳೆದ ರುಮಾಲು ಸುತ್ತಿಕೊಂಡು, ಹಣೆತುಂಬ ವಿಭೂತಿ ಹಚ್ಚಿಕೊಂಡು, ಬಾವಿಕಟ್ಟೆಯ ಮೇಲಿಟ್ಟ, ಹೆಣ ಹೊರುವ ವಿಮಾನದಲ್ಲಿ ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ ತಾರವ್ವ, ಸೆರಗಿನಿಂದ ಅವನ ಮುಖದ ನೊಣ ಓಡಿಸುತ್ತಿದ್ದಳು.

"ವೈನಿ, ಈಗರೆ ಕೇಳ್ರಿ. ಈ ಹೊಲ ಕೆನಾಲಿಗೆ ಹೋಗೇತಿ. ನಾಳೆ ಅಗಿಯಾಕ ಬಂದ್ರ ಅಣ್ಣನ್ನ ಎಬ್ಬಸ್ತಾರ. ದಿನ್ನಿ ಮ್ಯಾಲೆ ಅಪ್ಪನ ಬಾಜೂಕ ಇಡೂಣು."

"ಬಾವಿ ಬಾಜೂಕ ಅಂತ ಅವರ ಬಾಯಿಲೆ ಹೇಳ್ಯಾರ."

"ಆ ಕೇಸೂ ಸಾಕ್ರಿ ಇನ್ನ. ಹಾಕಿದಾಂವನ ಹೋದ. ಸರ್ಕಾರ ಕೊಟ್ಟಷ್ಟು ಖುಷ್ಕಿ ದರಾ ತಗೊಂಡ ಮುಗಸೂಣು."

ತಾರವ್ವನ ಮೈ ಉರಿದುಹೋಯಿತು. "ಅವರ ಮುಂದ ಆ ಶಬ್ದ ಆಡಬ್ಯಾಡ" ಎಂದಳು.

*

ಅಂದೂ ಮುರಗೆಪ್ಪ ಇದೇ ಕಟ್ಟೆಯ ಮೇಲೆ ತೊಳೆದ ರುಮಾಲು ಸುತ್ತಿ, ಕೆನಾಲಿಗೆ ಹೋಗುವ ಹೊಲದ ಪಂಚನಾಮೆಗೆ ಬರುವ ಸಾಹೇಬರನ್ನು ಕಾಯುತ್ತ ಕುಳಿತಿದ್ದ. ಎಂಬತ್ತಾರರ ಬೇಸಿಗೆ. ಕಬ್ಬು ಕಾರ್ಖಾನೆಗೆ ಹೋಗಿತ್ತು. ಸಾಹೇಬರು ಬರುವಾಗ ಹೊಲ ಹೊಲಸಿರಬಾರದೆಂದು ಪುಣ್ಯಾತ್ಮ ರವದಿಯ ಒಣಗರಿಯನ್ನೆಲ್ಲ ಬಳಿದು, ಕೂಳೆ ಕಿತ್ತು, ಅಂಗಳದಂತೆ ಹಸನು ಮಾಡಿಟ್ಟಿದ್ದ. ಬಾವಿಯ ಮೋಟಾರು? ಅದು ಪಕ್ಕದ ಆಬಾಸಾಹೇಬನ ಬಾವಿಯಲ್ಲಿತ್ತು. ಅವನ ಮೋಟಾರು ಸುಟ್ಟು ದ್ರಾಕ್ಷಿ ಬಳ್ಳಿ ಬಾಡುತ್ತಿದ್ದವು. ಅವನು ಕೇಳಿದ, ಇವನು ಬಿಚ್ಚಿಕೊಟ್ಟ.

ಸಾಹೇಬರು ಬೋಳು ಹೊಲ ನೋಡಿದರು, ಮೋಟಾರಿಲ್ಲದ ಬಾವಿ ನೋಡಿದರು. ಬಾವಿಯೊಳಗೆ ಇಣುಕಲೂ ಇಲ್ಲ. ಖುಷ್ಕಿ, ಎಂದರೆ ನೀರಿಲ್ಲದ ಜಮೀನು ಎಂದು ಬರೆದು ಹೋದರು. ಮುರಗೆಪ್ಪನ ಮೋಟಾರು ಓಡುತ್ತಿದ್ದ ಆಬಾಸಾಹೇಬನ ತೋಟಕ್ಕೆ ನೀರಾವರಿ ದರ ಬಿತ್ತು, ಇವನದರ ದುಪ್ಪಟ್ಟು! ಮುರಗೆಪ್ಪ ಆ ದರಕ್ಕಾಗಿ ಕೇಸು ಹಾಕಿದ.

"ನಾ ಕೋರ್ಟಿನ್ಯಾಗ ಖರೇ ಹೇಳ್ತೀನಿ, ಮುರಗೆಪ್ಪಣ್ಣಾ" ಎಂದು ಆಬಾಸಾಹೇಬ ಕೈಹಿಡಿದ.

"ಬ್ಯಾಡೋ ಮಾರಾಯಾ, ನಿನ್ನ ದರಾನೂ ಇಳಿಸ್ಯಾರು. ನನ್ನ ನೀರ ಎಲ್ಲಿ ಹೋಗ್ತೈತಿ? ಎಂದಾರ ಒಂದಿನಾ ಒಬ್ಬ ಸಾಹೇಬ ಇಣುಕಿ ನೋಡ್ತಾನ."

ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬಿದ್ದವು. ಯಾರೂ ಇಣುಕಲಿಲ್ಲ. ರಾತ್ರಿ ಉಂಡ ತಟ್ಟೆಯ ಮುಂದೆಯೇ ಅವನು "ಖುಷ್ಕಿ ಅಂತ!" ಎಂದು ಗೊಣಗುವುದನ್ನು ತಾರವ್ವ ವರ್ಷಗಟ್ಟಲೆ ಕೇಳಿದ್ದಳು.

*

"ನೀರ ಬಂತ್ರಿ!"

ಕುಣಿ ಎದೆಮಟ ಇಳಿದಿತ್ತು. ಬಾವಿಯ ಕಡೆಯ ಗೋಡೆಯಿಂದ ಜಿನುಗಿದ ನೀರು ನೋಡನೋಡುತ್ತ ಅಗಿಯುವವರ ಮೊಳಕಾಲಿಗೆ ಬಂತು. ಬಕೆಟ್ಟಿನಿಂದ ಎತ್ತಿ ಚೆಲ್ಲಿದಷ್ಟೂ ತುಂಬಿತು.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ತಲೆಯಾಡಿಸಿದರು. "ನೀರಾಗ ಇಡಾಕ ಬರೂದಿಲ್ಲವ್ವಾ. ದಿನ್ನಿ ಮ್ಯಾಲೆ ಬ್ಯಾರೆ ತೋಡಸ್ರಿ."

"ಅಯ್ಯ ಶಿವನ! ನಿಮ್ಮ ಹೊಲದಾಗ ನಿಮಗ ಜಾಗಾ ಇಲ್ದಂಗಾತಲ್ರಿ!" ತಾರವ್ವ ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು. ರಾಜಾರಾಮ ಕುಣಿ ಮುಚ್ಚಲು ಸಲಿಕೆ ಎತ್ತಿದ್ದೇ ತಡ, ಎದ್ದು ನಿಂತು ಅದನ್ನು ಕಸಿದುಕೊಂಡಳು.

"ಮುಚ್ಚಬ್ಯಾಡ. ಸಾಹೇಬ್ರು ಬಂದ ನೋಡ್ಲಿ."

"ಯಾರ ಬರ್ತಾರ, ವೈನಿ?"

ಮಂದಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಆಬಾಸಾಹೇಬ ಮುಂದೆ ಬಂದ. "ನಾ ಕರ್ಕೊಂಡ ಬರ್ತೀನಿ, ಅಕ್ಕಾ. ಮೋಟಾರದ್ದೂ ಹೇಳ್ತೀನಿ. ನನ್ನ ದರಾ ಹೋದ್ರ ಹೋಗ್ಲಿ."

ಅಗಿಯುವವರು ಬೇರೆ ಕುಣಿ ತೋಡಲು ಗುದ್ದಲಿ ಹೊತ್ತು ದಿನ್ನೆ ಹತ್ತಿದರು. ಕಟ್ಟೆಯ ಮೇಲೆ ಮುರಗೆಪ್ಪ, ತೊಳೆದ ರುಮಾಲು ಸುತ್ತಿಕೊಂಡು, ಮತ್ತೆ ಕಾಯುತ್ತ ಕುಳಿತ. ಅವನೆದುರು ಖುಷ್ಕಿ ಹೊಲದ ಕುಣಿಯಲ್ಲಿ ನೀರು ಏರುತ್ತಲೇ ಇತ್ತು.