ಮರಿಬಸಪ್ಪನ ರೌಂಡು

ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು, ಹ್ಯಾಂಡಲಿಗೆ ಹಾರ ಹಾಕಿಯಾಗಿತ್ತು, ಒಡೆದ ಕಾಯಿಯ ಚೂರುಗಳನ್ನು ಹಂಚಿಯೂ ಆಗಿತ್ತು. ಮರಿಬಸಪ್ಪ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಮಾವ, ಬರ್ರಿ. ಎಲ್ಲಾರೂ ನಿಮ್ಮ ರೌಂಡಿಗೇ ಕಾಯಾಕತ್ತಾರ" ಎಂದು ನಾಗಭೂಷಣ ಮತ್ತೊಮ್ಮೆ ಬಂದು ಕರೆದ. ಮರಿಬಸಪ್ಪ ಖಾಲಿಯಾಗಿದ್ದ ಚಹಾ ಲೋಟವನ್ನೇ ಇನ್ನೂ ಕುಡಿಯುವುದಿದೆ ಎನ್ನುವ ಹಾಗೆ ಬಾಯಿಗೆ ಹಿಡಿದ.

ನಾಗಭೂಷಣ ಅವನ ತಂಗಿಯ ಮಗ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕೆಲಸ ಬಿಟ್ಟು, ಅಪ್ಪ ಬಿಟ್ಟುಹೋದ ಹೊಲ ಮಾರಿ, ಆಲೂರಿನ ಆದೋನಿ ರಸ್ತೆಯಲ್ಲಿ ಕರೆಂಟಿನ ಗಾಡಿಗಳ ಅಂಗಡಿ ತೆರೆದಿದ್ದ. ಇವತ್ತು ಅದರ ಪೂಜೆ. ಅಂಗಡಿಯೇನೋ ಥಳಥಳ ಹೊಳೆಯುತ್ತಿತ್ತು. ಆದರೆ ಹೊಳಪು ನೋಡಿ ಗಾಡಿ ಕೊಳ್ಳುವ ಅಭ್ಯಾಸ ಆಲೂರಿನವರಿಗೆ ಇಲ್ಲ. ಇಲ್ಲಿ ಯಾರೇ ಹೊಸ ಗಾಡಿ ತೆಗೆದುಕೊಳ್ಳಲಿ, ಮೊದಲು ಮರಿಬಸಪ್ಪ ಅದರ ಮೇಲೆ ಒಂದು ರೌಂಡು ಹಾಕಬೇಕು. ಹತ್ತಿ ದಲ್ಲಾಳಿಯಾಗಿ ಹಾಲಹರವಿ, ಪೆದ್ದಹರಿವಾಣಂ ಅಂತ ಎರೆಮಣ್ಣಿನ ದಾರಿಗಳಲ್ಲಿ ಓಡಾಡಿ ಓಡಾಡಿ ಅವನ ಸೊಂಟಕ್ಕೇ ಒಂದು ಬುದ್ಧಿ ಬಂದಿತ್ತು. ಪೆಟ್ರೋಲ್ ಬಂಕಿನ ತನಕ ಹೋಗಿ ಬರುತ್ತಿದ್ದ, ಇಳಿದು ಸ್ಟ್ಯಾಂಡ್ ಹಾಕುತ್ತಿದ್ದ, "ತಗೋ" ಅನ್ನುತ್ತಿದ್ದ, ಇಲ್ಲವೇ "ಬ್ಯಾಡ" ಅನ್ನುತ್ತಿದ್ದ. ಅಷ್ಟೇ. ಅದಾದ ಮೇಲೆ ಕಂಪನಿಯ ಮಾಲೀಕನೇ ಬಂದು ತಲೆ ಮೇಲೆ ಕೈ ಇಟ್ಟು ಹೇಳಿದರೂ ಊರು ಕೇಳುತ್ತಿರಲಿಲ್ಲ.

ಹಾಗಂತ ಉಳಿದವರು ಬಾಯಿ ಮುಚ್ಚಿಕೊಂಡಿದ್ದರು ಅಂತಲ್ಲ. ಬಾಯಿಗೇನು ಪೆಟ್ರೋಲು ಹಾಕಿಸಬೇಕೇ! ಕೊಬ್ಬರಿ ಅಗಿಯುತ್ತ ಎಲ್ಲರೂ ತಮ್ಮ ತಮ್ಮ ತೀರ್ಪು ಕೊಡುತ್ತಲೇ ಇದ್ದರು. ಹಾಲು ಹಾಕುವ ಮಾರೆಣ್ಣನಿಗೆ ಇದು ಕ್ಯಾನುಗಳ ಭಾರ ಹೊತ್ತು ಹಸಿ ಎರೆಯಲ್ಲಿ ಎಳೆದೀತೇ ಎಂಬ ಅನುಮಾನ; ಅದೂ ಅಲ್ಲದೆ ನಮ್ಮ ಕರೆಂಟು ತನಗೆ ಮನಸ್ಸು ಬಂದಾಗ ಬರುವಂಥದ್ದು, ಹಾಲಹರವಿಯ ಹತ್ತಿರ ಚಾರ್ಜು ಮುಗಿದರೆ ತಳ್ಳುವವರು ಯಾರು ಅಂದ. ಈಗಿನ ಪೆಟ್ರೋಲು ಗಾಡಿಗಳೇನು ಭಾರಿ ಚೆನ್ನಾಗಿವೆಯೋ, ಎಲ್ಲ ಪ್ಲಾಸ್ಟಿಕ್ಕು, ಕೆಟ್ಟರೆ ಮೆಕ್ಯಾನಿಕ್ಕು ಸ್ಪ್ಯಾನರ್ ಬಿಟ್ಟು ಲ್ಯಾಪ್‌ಟಾಪ್ ಹುಡುಕುತ್ತಾನೆ, ದುಡಿದದ್ದೆಲ್ಲ ಬಂಕಿಗೇ ಸುರಿಯಬೇಕು ಅಂತ ಇನ್ನೊಬ್ಬ ಜಗಳಕ್ಕೇ ಬಂದ. ಬ್ಯಾಟರಿಗೆ ಬೆಂಕಿ ಬೀಳುವುದನ್ನು ಫೋನಿನಲ್ಲಿ ನೋಡಿದೆ ಅಂತ ಒಬ್ಬ ಅಂದರೆ, ಪೆಟ್ರೋಲೇನು ಬೆಂಕಿ ಆರಿಸುತ್ತದೆಯೇ ಅಂತ ಮತ್ತೊಬ್ಬ ಕೇಳಿದ. ತೆಲುಗು ಮೇಷ್ಟ್ರು ಗಾಡಿಯ ಸುತ್ತ ಒಂದು ಸಲ ತಿರುಗಿ, "ಸೌಂಡೇ ಲೇದು, ಇದೇಂ ಬಂಡಿ ಸಾಮಿ" ಎಂದು ನಕ್ಕರು. ಸದ್ದೇ ಇಲ್ಲದ ಗಾಡಿ ಏರಿ ಹೆಂಡತಿ ಊರಿಗೆ ಹೋದರೆ ಅಳಿಯ ಬಂದದ್ದು ಯಾರಿಗೆ ಗೊತ್ತಾಗಬೇಕು ಅನ್ನುವುದು ಅವರ ಚಿಂತೆ. ಏನೇ ವಾದ ನಡೆದರೂ ಕೊನೆಗೆ ಎಲ್ಲರ ಕಣ್ಣೂ ಮರಿಬಸಪ್ಪನ ಕುರ್ಚಿಯ ಕಡೆಗೇ ಹೊರಳುತ್ತಿದ್ದವು.

ಆ ಮರಿಬಸಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕುರುಡೇನೂ ಅಲ್ಲ. ನೇರ ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಬಲಗಡೆಗಂತೂ ಗೋಡೆ ಕಟ್ಟಿದ ಹಾಗಿತ್ತು. ಹೋದ ದೀಪಾವಳಿಯ ಹೊತ್ತಿಗೆ ಪೆದ್ದಹರಿವಾಣದ ತಿರುವಿನಲ್ಲಿ ಬಲದಿಂದ ಬಂದ ಮೇಕೆಯೊಂದು ಕಾಣದೆ ಗಾಡಿ ಸಮೇತ ಬಿದ್ದ ಮೇಲೆ, ಹೆಂಡತಿ ಮಹಾಂತಮ್ಮ ಹಟ ಮಾಡಿ ಬಳ್ಳಾರಿಗೆ ಕರೆದುಕೊಂಡು ಹೋಗಿದ್ದಳು. ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಈ ಹನಿಗಳು, ಇನ್ನು ಮೇಲೆ ಗಾಡಿ ಮುಟ್ಟಬೇಡಿ ಅಂದರು ಡಾಕ್ಟರು. ಈ ಮಾತು ಗಂಡ ಹೆಂಡತಿಯ ನಡುವೆಯೇ ಉಳಿಯಿತು. ಹತ್ತಿಯ ಎಳೆ ನೋಡಿ ದರ ಹೇಳುವವನ ಕಣ್ಣು ಹೋಗಿದೆ ಅಂತ ತಿಳಿದರೆ ಮಾರನೆಯ ದಿನದಿಂದ ಯಾವ ರೈತ ಅವನ ಮುಂದೆ ಹತ್ತಿ ಹಿಡಿದಾನು? ಸಕ್ಕರೆ ಕಾಯಿಲೆಗೆ ನಡೆಯಲು ಹೇಳಿದ್ದಾರೆ ಅಂತ ಊರಿಗೆಲ್ಲ ಸಾರಿ, ತನ್ನ ಗಾಡಿಗೆ ಹಳೆಯ ಜಮಖಾನ ಹೊದಿಸಿ ನಿಲ್ಲಿಸಿಬಿಟ್ಟಿದ್ದ. ಜನರೂ ನಂಬಿದ್ದರು.

"ಮೊಣಕಾಲು ನೋಯಾಕತ್ತೈತಿ. ಇನ್ನೊಂದು ದಿನ ನೋಡೋಣು" ಎಂದು ಈಗ ಅವನು ಅಂದದ್ದೇ ತಡ, ಗುಂಪಿನಲ್ಲಿ ಗುಸುಗುಸು ಎದ್ದಿತು. ಮರಿಬಸಪ್ಪನಿಗೇ ಮನಸ್ಸಿಲ್ಲ, ಸ್ವಂತ ಅಳಿಯನ ಗಾಡಿ ಅಂತ ಬಾಯಿಬಿಟ್ಟು ಹೇಳಲಾರ, ಏನೋ ಐಬು ಇದ್ದೇ ಇರಬೇಕು ಅಂತ ಮಾರೆಣ್ಣ ಸುತ್ತಲಿನವರಿಗೆ ಬಿಡಿಸಿ ಹೇಳಿದ. ಇಬ್ಬರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾಗಭೂಷಣನ ಮುಖ ಇಳಿದುಹೋಯಿತು. ಅವನು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾರಿಗೂ ಕೇಳದ ಹಾಗೆ, "ಮಾವ, ನೀವು ಏರಲಿಲ್ಲಂದ್ರ ನನ್ನ ಅಂಗಡಿ ಇವತ್ತ ಮುಚ್ಚಿದಂಗ" ಅಂದ.

ಎತ್ತಿ ಆಡಿಸಿದ ಹುಡುಗ. ಏರಿದರೆ ಯಾರನ್ನು ಕೊಲ್ಲುತ್ತೇನೋ, ಏರದಿದ್ದರೆ ಇವನನ್ನು ಕೊಂದಂತೆ ಅನ್ನಿಸಿ ಮರಿಬಸಪ್ಪ ಎದ್ದು ನಿಂತ. ಆಗ ಹೆಂಗಸರ ನಡುವೆ ಕೂತಿದ್ದ ಮಹಾಂತಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ನಾನೂ ಕುಂದರ್ತೀನಿ. ನನಗೂ ಒಂದು ರೌಂಡು ಬ್ಯಾಡೇನು?"

ಜನ ಹೋ ಅಂದರು, ಯಾರೋ ಸಿಳ್ಳು ಹಾಕಿದರು. ಆಕೆ ಯಾರ ಕಡೆಗೂ ನೋಡಲಿಲ್ಲ. ಎಡಕ್ಕೆ ಕಾಲು ಬಿಟ್ಟು ಕೂತು, ಗಲ್ಲವನ್ನು ತಂದು ಗಂಡನ ಬಲ ಹೆಗಲ ಮೇಲೆ ಇಟ್ಟಳು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಗಾಡಿ ಸದ್ದಿಲ್ಲದೆ ರಸ್ತೆಗೆ ಇಳಿಯಿತು.

"ಬಲಕ್ಕ ಆಟೋ ನಿಂತೈತಿ. ಚೂರು ಎಡಕ್ಕ ತಗೋರಿ. ಹಾಂ, ಹಂಗ ಹೋಗ್ರಿ."

ಪಿಸುಮಾತಿನಷ್ಟೇ ಮೆಲ್ಲಗೆ ಅಂದಿದ್ದಳು. ಅಷ್ಟೂ ಸ್ಪಷ್ಟವಾಗಿ ಕೇಳಿಸಿತು. ಹಳೆಯ ಗಾಡಿಯ ಮೇಲಾದರೆ ಆಕೆ ಕಿರುಚಿದರೂ ಅವನಿಗೆ ತಲುಪುತ್ತಿರಲಿಲ್ಲ. ಇಷ್ಟು ವರ್ಷ ಹಿಂದೆ ಕೂತು ಏನೇನು ಹೇಳಿದ್ದಳೋ, ಎಲ್ಲಕ್ಕೂ ಅವನು ಸುಮ್ಮನೆ ಹೂಂ ಅಂದಿದ್ದ. ಈಗ ಅವಳ ಒಂದೊಂದು ಮಾತಿಗೂ ಹ್ಯಾಂಡಲ್ ತಿರುಗಿಸುತ್ತ ಹೋದ. ಮುಖಕ್ಕೆ ಗಾಳಿ ಬಡಿಯಿತು. ಸುಖ ಅನ್ನಿಸಿತು, ನಿಜವಾಗಿಯೂ ಸುಖ ಅನ್ನಿಸಿತು. ಗಾಡಿ ಒಳ್ಳೆಯದಿತ್ತು, ತಗ್ಗಿನಲ್ಲಿ ಇಳಿದು ಎದ್ದ ರೀತಿಯಲ್ಲೇ ಅವನ ಸೊಂಟ ಅದನ್ನು ಒಪ್ಪಿಕೊಂಡಿತು.

ಆದರೆ ಹೆಂಡತಿಯ ಮಾತು ಕೇಳಿಸುವಷ್ಟು ಸುಮ್ಮನಿದ್ದ ಗಾಡಿ ದಾರಿಯಲ್ಲಿ ಹೋಗುವವರಿಗೆ ಕೇಳಿಸುತ್ತಿರಲಿಲ್ಲ. ಬಂಕಿನ ಹತ್ತಿರ ಮೇವಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಲದಿಂದ ಸರಕ್ಕನೆ ರಸ್ತೆಗೆ ಬಂದಳು. "ನಿಂದ್ರಿ!" ಎಂದ ಮಹಾಂತಮ್ಮನ ಉಗುರು ಹೆಗಲಿಗೆ ನಾಟಿತು. ಅವನು ಬ್ರೇಕು ಅದುಮಿದ. ಮೇವಿನ ತುದಿ ಅವನ ಕೆನ್ನೆಗೆ ತಾಕಿದ ಮೇಲೆಯೇ ಅಲ್ಲಿ ಒಬ್ಬ ಹೆಂಗಸು ಇದ್ದಾಳೆ ಅಂತ ಅವನಿಗೆ ಗೊತ್ತಾದದ್ದು. ಮುದುಕಿ ಅವನ ವಂಶವನ್ನೆಲ್ಲ ಬೈದುಕೊಂಡು ದಾಟಿಹೋದಳು. ಅವನು ಎರಡೂ ಕಾಲು ನೆಲಕ್ಕೆ ಊರಿ ನಿಂತೇ ಇದ್ದ.

"ಸಾಕು, ನಡೀರಿ. ಇದ ಕಡೀದು" ಅಂದಳು ಮಹಾಂತಮ್ಮ.

ಅಂಗಡಿಯ ಮುಂದೆ ಅವನು ಗಾಡಿ ನಿಲ್ಲಿಸಿದ. ಮಹಾಂತಮ್ಮ ಇಳಿದಳು. ಅವನು ಕೂತಲ್ಲೇ "ತಗೋ" ಅಂದ. ಅಷ್ಟು ಸಾಕಾಯಿತು. ಇಷ್ಟು ಹೊತ್ತೂ ಎರೆಮಣ್ಣು, ಕರೆಂಟು ಅಂತಿದ್ದ ಮಾರೆಣ್ಣನೇ ಎಲ್ಲರಿಗಿಂತ ಮುಂದೆ ನುಗ್ಗಿ ತನಗೆ ಕರಿ ಬಣ್ಣದ್ದು ಬೇಕು ಅಂದ. ಹೊರಟಿದ್ದ ಇಬ್ಬರೂ ವಾಪಸು ಬಂದರು. ನಾಗಭೂಷಣ ಕಣ್ಣೊರೆಸಿಕೊಂಡು ಬಂದು ಮಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.

"ಮಾವ, ಈ ಗಾಡಿ ಇನ್ನ ಮ್ಯಾಲ ನಿಮ್ದ. ಏನೂ ಕೊಡಬ್ಯಾಡ್ರಿ. ದಿನಾ ಒಂದ್ಸಲ ಊರಾಗ ಅಡ್ಡಾಡ್ರಿ, ನನಗ ಅಷ್ಟ ಸಾಕು."

ಜನ ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲೇ ನಾಗಭೂಷಣನ ಹೆಂಡತಿ ಶಿರೀಷಾ ಪುಟ್ಟ ಮಗಳು ಚೇತನಾಳನ್ನು ಎತ್ತಿ ತಂದು, ತಾತನ ಜೊತೆ ಮೊದಲ ಸವಾರಿ ಇವಳದ್ದೇ ಆಗಲಿ ಅಂತ ಮರಿಬಸಪ್ಪನ ಮುಂದೆ ಕೂರಿಸಿದಳು. ಮಗು ಹ್ಯಾಂಡಲಿನ ಹಾರ ಹಿಡಿದುಕೊಂಡು ಕೇಕೆ ಹಾಕಿತು. ಮಹಾಂತಮ್ಮ ಹತ್ತಿರ ಬರುವುದಕ್ಕೆ ನೋಡಿದಳು, ಗುಂಪು ಬಿಡಲಿಲ್ಲ. ಮಗುವಿನ ನೆತ್ತಿಯ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಂದಾಗ ಮರಿಬಸಪ್ಪನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಭೂಷಣ, ನನಗ ಕಣ್ಣು ಕಾಣಂಗಿಲ್ಲೋ. ಬಲಗಡಿ ಏನೂ ಕಾಣಂಗಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತಿಗೆ ಹಿಂದೆ ಕೂತರೆ ಯಾವ ಗಂಡಸಿಗೆ ತಾನೇ ಅಕ್ಕಪಕ್ಕ ಕಾಣುತ್ತದೆ ಅಂತ ಮಾರೆಣ್ಣ ಅಂದದ್ದಕ್ಕೆ ನಗು ಇನ್ನೂ ಜೋರಾಯಿತು. ನಾಗಭೂಷಣನೂ ನಕ್ಕ. ನಗುತ್ತಲೇ ಮಹಾಂತಮ್ಮನ ಕಡೆ ನೋಡಿದ. ಆಕೆ ನೆಲ ನೋಡುತ್ತಿದ್ದಳು. ಅವನ ನಗು ಅರ್ಧಕ್ಕೆ ನಿಂತಿತು. ನೊಣ ಓಡಿಸುವವನ ಹಾಗೆ ಕೈ ಎತ್ತಿ, ಮಾವನ ಬಲಗಣ್ಣಿನ ಪಕ್ಕದಲ್ಲಿ ಒಮ್ಮೆ ಬೀಸಿದ. ಮರಿಬಸಪ್ಪ ರೆಪ್ಪೆ ಮಿಟುಕಿಸಲಿಲ್ಲ.

ಅಷ್ಟರಲ್ಲಿ ಹಾಲಹರವಿ ಕಡೆಯ ರೈತರ ಜೀಪೊಂದು ಬಂದು ನಿಂತಿತು. ಮರಿಬಸಪ್ಪ ರೌಂಡು ಹಾಕಿದ್ದು ಆಯಿತೇ, ನಾವು ತಡವಾಗಿ ಬಂದೆವೇ ಅಂತ ಅವರು ಇಳಿಯುತ್ತಲೇ ಕೇಳಿದರು. ನಾಗಭೂಷಣ ಗಾಡಿಯ ಮೇಲಿಂದ ಮಗಳನ್ನು ಎತ್ತಿಕೊಂಡ. ಅವಳು ಕೊಸರಾಡಿ ಅತ್ತಳು. ಮಗೂಗೆ ಬಿಸಿಲು ಆಗುವುದಿಲ್ಲ ಅಂತ ಹೆಂಡತಿಗೆ ಹೇಳಿದ. ಮತ್ತೆ, ಮಾವನ ಮುಖ ನೋಡದೆ, ಜೀಪಿನವರಿಗೆ ಹೇಳಿದ:

"ಆಗೇತ್ರಿ. ನೀವು ನೋಡಿಲ್ಲಲ್ಲ, ನಿಮಗಂತ ಇನ್ನೊಂದು ಹಾಕ್ತಾರ."

ಮರಿಬಸಪ್ಪ ಗಾಡಿಯ ಮೇಲೆ ಹಾಗೆಯೇ ಕೂತಿದ್ದ. ಮಹಾಂತಮ್ಮ ಅಳಿಯನನ್ನೇ ಒಮ್ಮೆ ದಿಟ್ಟಿಸಿ, ಬಂದು ಹಿಂದೆ ಕೂತಳು. ಜನ ರಸ್ತೆಯಂಚಿಗೆ ಒತ್ತಿ ನಿಂತು ದಾರಿ ಬಿಟ್ಟರು. ನಾಗಭೂಷಣ ಮಗಳನ್ನು ಎದೆಗೆ ಅವುಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ, ಬಾಗಿಲು ದಾಟಿ ಒಳಗೆ, ಗೋಡೆಗೆ ಒರಗಿ ನಿಂತ.