ಲೀಟರಿಗೆ ಹದಿನಾರು

ಇಳಿಜಾರು ಸಿಕ್ಕ ಕೂಡಲೇ ಇಂಜಿನ್ ಬಂದ್ ಮಾಡಿ, ಹಾಗೆ ಉಳಿಸಿದ ಡೀಸೆಲನ್ನು ತಮ್ಮ ಜಾಣತನವೆಂದು ನಾಲ್ಕು ಜನರ ಮುಂದೆ ಹೇಳಿಕೊಂಡವರಲ್ಲಿ ನೀವೂ ಒಬ್ಬರಲ್ಲವೆ? ಅಲ್ಲವೆಂದಾದರೆ, ಹಾಗೆ ಹೇಳಿಕೊಂಡವನ ಬೆನ್ನು ತಟ್ಟಿದವರಲ್ಲಿ ಒಬ್ಬರಾದರೂ ಹೌದಲ್ಲವೆ? ಉತ್ತರವನ್ನು ಈಗಲೇ ಕೊಡಬೇಕಾಗಿಲ್ಲ. ಮೊದಲು ನಾಗೋಡಿ ಘಾಟಿಯನ್ನು ಇಳಿಯುತ್ತಿರುವ ಈ ಪಿಕಪ್ಪನ್ನು ನೋಡಿ.

ಹದಿನೆಂಟು ವರ್ಷದ ಗಾಡಿ. ಕಡಲಿನ ಉಪ್ಪುಗಾಳಿಗೆ ಬಾಗಿಲುಗಳ ಅಂಚು ತುಕ್ಕು ತಿಂದು ಬಲೆಯಂತಾಗಿದೆ. ಬೆಳಗಿನ ಜಾವ ಗಂಗೊಳ್ಳಿ ಬಂದರಿನಿಂದ ಬಂಗ್ಡೆ, ಬೈಗೆ ಮೀನಿನ ಕ್ರೇಟುಗಳನ್ನೂ ಮೀನು ಮಾರುವ ಐದು ಹೆಂಗಸರನ್ನೂ ಹೊತ್ತು ಘಟ್ಟ ಹತ್ತಿದ್ದ ಅದು, ಮೇಲಿನ ಊರುಗಳಲ್ಲಿ ವ್ಯಾಪಾರ ಮುಗಿಸಿ ಈಗ ಖಾಲಿ ಕ್ರೇಟುಗಳೊಂದಿಗೆ ಹಿಂದಿರುಗುತ್ತಿದೆ. ಗಾಡಿ ಓಡಿಸುತ್ತಿರುವವನು ನಿತೇಶ. ಪಕ್ಕದಲ್ಲಿ ಅವನ ತಾಯಿ ಜಲಜ. ಅವಳೂ ಮೀನು ಮಾರುವವಳೇ. ಆದರೆ ಡ್ರೈವರನ ತಾಯಿಯಾದ್ದರಿಂದ ಮುಂದಿನ ಸೀಟು ಅವಳಿಗೆ. ಉಳಿದ ನಾಲ್ವರು ಹಿಂಬದಿಯಲ್ಲಿ, ಕ್ರೇಟುಗಳ ಸಂದಿಯಲ್ಲಿ ಗೋಣಿ ಹಾಸಿಕೊಂಡು ಕುಳಿತಿದ್ದಾರೆ.

ಮೊದಲ ತಿರುವು ದಾಟುತ್ತಲೇ ನಿತೇಶ ಗೇರನ್ನು ನ್ಯೂಟ್ರಲಿಗೆ ತಂದು ಕೀಲಿಯನ್ನು ಹಿಂದಕ್ಕೆ ತಿರುಗಿಸಿದ. ಇಂಜಿನಿನ ಗುಡುಗು ನಿಂತಿತು. ಟಾರ್ಪಾಲು ಪಟಪಟ ಹೊಡೆದುಕೊಳ್ಳುವ ಸದ್ದು, ಟೈರುಗಳ ಸರಸರ, ಎಲ್ಲೋ ಕಾಡಿನೊಳಗೆ ಒಂದು ಹಕ್ಕಿಯ ಕೂಗು.

"ಹ್ವಾಯ್, ವಿಮಾನ ಹಾರ್ತ್ ಕಾಣಿ!" ಹಿಂಬದಿಯಿಂದ ಚಂದ್ರಮತಿಯ ದನಿ ಕೇಳಿಸಿತು. "ಎಲ್ಲರೂ ಬೆಲ್ಟ್ ಕಟ್ಕಣಿ!"

"ಬೆಲ್ಟ್ ಎಲ್ಲಿತ್ತೆ? ನಿನ್ ಸೆರ್ಗ್ ಬಿಚ್ಚಿ ಕೊಡ್, ಅದ್ರಗೇ ಕಟ್ಕಂತೆ," ಎಂದಳು ಇನ್ನೊಬ್ಬಳು. ನಾಲ್ವರೂ ನಕ್ಕರು.

ಜಲಜ ನಗಲಿಲ್ಲ. ಮಳೆಗಾಲದಲ್ಲೊಮ್ಮೆ ಇದೇ ಇಳಿಜಾರಿನಲ್ಲಿ ದನವೊಂದು ಅಡ್ಡ ಬಂದಿತ್ತು. ನಿತೇಶ ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿದರೂ ಗಾಡಿ ಜಾರುತ್ತಲೇ ಹೋಗಿ, ದನದ ಬಾಲವನ್ನು ಸವರಿಕೊಂಡು ಮುಂದೆ ಸಾಗಿ ನಿಂತಿತ್ತು. ಅಂದು ಅವಳು ಎದೆ ಹಿಡಿದುಕೊಂಡು ಕೇಳಿದ್ದಳು.

"ಬ್ರೇಕಿಗ್ ಎಂತ ಆಯ್ತಾ?"

"ಇಂಜಿನ್ ಬಂದ್ ಇದ್ರೆ ಹಾಂಗೇ ಅಮ್ಮ. ಒಂದ್ಸಲ, ಎರಡ್ ಸಲ ಹಿಡಿತ್ತ್. ಮೂರ್ನೇ ಸಲಕ್ಕೆ ಕಲ್ಲ್ ಮೆಟ್ದಂಗ್ ಆತ್ತ್. ಹಿಂದಿದ್ದವ್ರಿಗ್ ಹೇಳ್ಬ್ಯಾಡ, ಸುಮ್ನೆ ಹೆದ್ರುತ್ರ್."

"ಹಾಂಗಾರೆ ಎಂತಕ್ ಬಂದ್ ಮಾಡ್ತೆ?"

"ಲೀಟರಿಗ್ ಹದಿನಾರ್ ಬರ್ಕಲೆ! ಬರ್ದಿದ್ರೆ ಪ್ರೇಮಣ್ಣ ಗಾಡಿ ಬೇರೆಯವ್ರಿಗ್ ಕೊಡ್ತ್ರ್."

ಜಲಜ ಅಂದು ಹಿಂಬದಿಯವರಿಗೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮಗನ ಅನ್ನದ ಮಾತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಮುಂದಿನ ಸೀಟಿನಲ್ಲಿ ಕುಳಿತೇ ಬಂದಳು.

ಪ್ರೇಮಣ್ಣ ಎಂದರೆ ಗಾಡಿಯ ಮಾಲಕ, ಬೈಂದೂರಿನ ಪ್ರೇಮಾನಂದ. ಅವನಿಗೆ ಎರಡು ಹೊಸ ಪಿಕಪ್ಪುಗಳಿದ್ದವು. ಮೂರನೆಯದು ಈ ಮುದಿ ಗಾಡಿ. ಅದರ ಇಂಜಿನ್ ಬಿಚ್ಚಿ ಕೆಲಸ ಮಾಡಿಸದೆ ಎಷ್ಟೋ ವರ್ಷಗಳಾಗಿದ್ದವು. ಏರಿನಲ್ಲಿ ಅದು ಕಾರುವ ಕಪ್ಪು ಹೊಗೆ ಹಿಂದೆ ಬರುವವರ ಕಣ್ಣು ಕಟ್ಟುತ್ತಿತ್ತು. ಭಾರ ಹೊತ್ತು ಘಟ್ಟ ಹತ್ತಿಳಿಯುವ ಅಂಥ ಗಾಡಿ ನ್ಯಾಯವಾಗಿ ಲೀಟರಿಗೆ ಹನ್ನೊಂದು ಕಿಲೋಮೀಟರ್ ಕೊಟ್ಟರೆ ಅದೇ ಹೆಚ್ಚು. ಪ್ರೇಮಾನಂದ ಕೇಳುತ್ತಿದ್ದುದು ಹದಿನಾರು. ಇಂಜಿನಿಗೆ ಕೆಲಸ ಮಾಡಿಸುವುದಕ್ಕಿಂತ ಡ್ರೈವರನಿಗೆ ಭಯ ಹುಟ್ಟಿಸುವುದು ಅಗ್ಗವೆಂದು ಅವನು ಕಂಡುಕೊಂಡಿದ್ದ. ಇಂಜಿನ್ ಬಂದ್ ಮಾಡು ಎಂದು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಇಂಥವರು ಹೇಳುವುದಿಲ್ಲ, ಅಸಾಧ್ಯವಾದುದನ್ನು ಕೇಳಿ, ಅದು ಹೇಗೆ ಸಾಧ್ಯವಾಯಿತೆಂದು ವಿಚಾರಿಸದೆ ಇರುತ್ತಾರೆ.

ಹಿಂಬದಿಯವರು ವಿಮಾನವೆಂದು ನಕ್ಕ ಆ ದಿನ, ನಾಲ್ಕನೆಯ ತಿರುವಿನಲ್ಲಿ, ಕೊಲ್ಲೂರಿನಿಂದ ಯಾತ್ರಿಕರನ್ನು ತುಂಬಿಕೊಂಡು ಮೇಲೇರುತ್ತಿದ್ದ ಜೀಪು ರಸ್ತೆಯ ನಡುವಿನಲ್ಲೇ ಎದುರಾಯಿತು. ಹಿಂದಿನ ತಿರುವುಗಳಲ್ಲಿ ಬ್ರೇಕಿನ ಕಸುವು ಮುಗಿದಿತ್ತು. ನಿತೇಶನ ಕಾಲಿನ ಕೆಳಗೆ ಅದು ಕಲ್ಲಾಯಿತು. ಎಡಕ್ಕೆ ಪ್ರಪಾತ, ಬಲಕ್ಕೆ ಗುಡ್ಡ. ಅವನು ಜೀಪಿನ ಮೂತಿಯ ಮುಂದಿನಿಂದಲೇ ಬಲಕ್ಕೆ ಎಳೆದು, ಗಾಡಿಯನ್ನು ಗುಡ್ಡದ ಮಣ್ಣಿಗೆ ಗುದ್ದಿದ. ಕ್ರೇಟುಗಳೆಲ್ಲ ಒಟ್ಟಾಗಿ ಮುಂದಕ್ಕೆ ಜಾರಿದವು. ಗಾಡಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಚಂದ್ರಮತಿಯ ಬಲಗೈ ಕಬ್ಬಿಣಕ್ಕೂ ಕ್ರೇಟುಗಳಿಗೂ ನಡುವೆ ಸಿಕ್ಕಿಬಿತ್ತು.

ಕುಂದಾಪುರದ ಆಸ್ಪತ್ರೆಯಲ್ಲಿ ಮೂರು ಬೆರಳುಗಳನ್ನು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಅಂಜಲ್ ಮೀನನ್ನು ಒಂದೇ ಅಳತೆಯ ತುಂಡುಗಳಾಗಿ ಕೊಯ್ಯುವುದರಲ್ಲಿ ಚಂದ್ರಮತಿಯನ್ನು ಮೀರಿಸುವವರು ಘಟ್ಟದ ಮೇಲಾಗಲಿ ಕೆಳಗಾಗಲಿ ಇರಲಿಲ್ಲ. ಮೀನಿನ ಕತ್ತಿ ಹಿಡಿಯಲು ಎರಡು ಬೆರಳು ಸಾಲದು.

ಪ್ರೇಮಾನಂದ ಹಣ್ಣಿನ ಚೀಲ ಹಿಡಿದುಕೊಂಡು ಆಸ್ಪತ್ರೆಗೆ ಬಂದ. "ಬ್ರೇಕ್ ಫೇಲ್ ಆದ್ದ್ ಚಂದ್ರಮತಿ. ಹಳೇ ಗಾಡಿ, ಎಂತ ಮಾಡುಕಾತ್ತ್? ನಮ್ಮ ನಿತೇಶ ಗುಡ್ಡಕ್ಕೆ ಗುದ್ದದೆ ಇದ್ರೆ ನಿಮ್ಮನ್ನೆಲ್ಲ ಕೆಳ್ಗಿಂದ ಹೆಕ್ಕುಕಾಯ್ತಿತ್ತ್."

ಅವನು ಹೋದ ಮೇಲೆ ಚಂದ್ರಮತಿ ಎಡಗೈಯಿಂದ ಜಲಜಳ ಕೈಯನ್ನು ಹಿಡಿದುಕೊಂಡಳು. "ನಿನ್ನ ಮಗ ಸಾವಿರ ವರ್ಷ ಬದ್ಕ್ಲಿ ಹೆಣೆ. ಬೆರಳ್ ಹೋದ್ರೆ ಹೋಯ್ಲಿ, ಜೀವ ಉಳ್ಸ್ದ."

ಜಲಜ ಮೆಲ್ಲನೆ ಕೈ ಬಿಡಿಸಿಕೊಂಡಳು. ಮನೆಗೆ ಬಂದು ಮಗನನ್ನು ಅಂಗಳದಲ್ಲೇ ತಡೆದು ನಿಲ್ಲಿಸಿದಳು.

"ಬ್ರೇಕ್ ಫೇಲ್ ಆದ್ದಾ? ನನ್ನ ಮುಖ ಕಂಡ್ ಹೇಳ್."

"ಪ್ರೇಮಣ್ಣ ಎಲ್ಲರತ್ರ ಹೇಳಿಯಾಯ್ತ್ ಅಮ್ಮ. ಈಗ ಬೇರೆ ಹೇಳ್ರೆ ನನ್ ಲೈಸೆನ್ಸ್ ಹೋತ್ತ್. ಬಪ್ಪ ತಿಂಗ್ಳ್ ಹೊಸ ಗಾಡಿ ನಂಗೇ ಕೊಡ್ತ್ರಂಬ್ರ್. ನೀ ಬಾಯ್ ಮುಚ್ಕಂಡ್ ಕೂಕೊ."

"ಅವ್ಳ ಕೈ ಎಂತ ಮಾಡುದಾ?"

"ನಾ ಬೇಕಂದ್ಹೇಳಿ ಮಾಡ್ದದ್ದಾ?" ಎಂದು ಕೂಗಿದ ನಿತೇಶ. ಅವನ ಕಣ್ಣಲ್ಲಿ ನೀರಿತ್ತು. ಕಣ್ಣೀರು ಬಂದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ.

ಎರಡು ವಾರ ಕಳೆದ ಮೇಲೆ ಬೈಂದೂರಿನ ಸಭಾಭವನದಲ್ಲಿ ಪಿಕಪ್ ಮಾಲಕರ ಸಂಘದ ವಾರ್ಷಿಕ ಸತ್ಯನಾರಾಯಣ ಪೂಜೆ ನಡೆಯಿತು. ಪೂಜೆಯ ಬಳಿಕ ಸನ್ಮಾನ. ವೇದಿಕೆಯ ಮೇಲೆ ನಿತೇಶನನ್ನು ಕೂರಿಸಿ, ಪ್ರೇಮಾನಂದ ಮೈಕು ಹಿಡಿದು ನಿಂತ. ಮೈಕು ಹಿಡಿದಾಗ ಅವನ ಭಾಷೆ ಬದಲಾಗುತ್ತಿತ್ತು.

"ಹದಿನೆಂಟು ವರ್ಷದ ಗಾಡಿಯಲ್ಲಿ ಲೀಟರಿಗೆ ಹದಿನಾರು ಕಿಲೋಮೀಟರ್! ಹೊಸ ಗಾಡಿ ಇಟ್ಟುಕೊಂಡವರು ನಾಚಿಕೊಳ್ಳಬೇಕು. ಇಂಧನ ಉಳಿಸುವುದೆಂದರೆ ದೇಶವನ್ನು ಉಳಿಸಿದಂತೆ, ಬಂಧುಗಳೇ. ಅದೂ ಸಾಲದೆಂದು ಈ ಹುಡುಗ ಬ್ರೇಕ್ ಫೇಲ್ ಆದ ಗಾಡಿಯಿಂದ ಐದು ಜೀವಗಳನ್ನು ಉಳಿಸಿದ್ದಾನೆ. ಆ ಪೈಕಿ ಒಬ್ಬರು ಈಗ ತಮ್ಮ ಕೈಯಾರೆ ಇವನಿಗೆ ಫಲತಾಂಬೂಲ ನೀಡುತ್ತಾರೆ."

ತಮ್ಮ ಕೈಯಾರೆ. ಈ ಮಾತನ್ನು ಆಡುವಾಗ ಅವನ ನಾಲಗೆ ತಡವರಿಸಲಿಲ್ಲ. ಚಂದ್ರಮತಿ ಬ್ಯಾಂಡೇಜು ಸುತ್ತಿದ ಬಲಗೈಯನ್ನು ಎದೆಗಾನಿಸಿಕೊಂಡು, ಹಣ್ಣಿನ ಹರಿವಾಣವನ್ನು ಎಡಗೈಯೊಂದರಲ್ಲೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹರಿವಾಣ ವಾಲುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. "ಹೆತ್ತ ತಾಯಿಯೂ ವೇದಿಕೆಗೆ ಬರಲಿ, ಎರಡು ಮಾತಾಡಲಿ," ಎಂದ ಪ್ರೇಮಾನಂದ.

ಜಲಜ ಹತ್ತಿದಳು. ಮೈಕು ಅವಳ ಬಾಯಿಗೆ ತೀರ ಹತ್ತಿರವಾಗಿ, ಮೊದಲು ಅವಳ ಉಸಿರಷ್ಟೇ ಸಭೆಗೆ ಕೇಳಿಸಿತು.

"ಬ್ರೇಕ್ ಫೇಲ್ ಆಯ್ಲಿಲ್ಲೆ," ಎಂದಳು. "ನನ್ ಮಗ ಘಾಟಿಲಿ ಇಂಜಿನ್ ಬಂದ್ ಮಾಡ್ಕಂಡ್ ಬಪ್ದ್. ಹದಿನಾರ್ ಹಾಂಗೇ ಬಪ್ದ್. ಬಂದ್ ಮಾಡ್ರೆ ಬ್ರೇಕ್ ಹಿಡಿತಿಲ್ಲೆ."

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಡ್ರೈವರರಲ್ಲಿ ಒಬ್ಬ ಕೂಗಿದ: "ಅದೆಂತ ಹೊಸ್ತ್ ಜಲಜಕ್ಕ? ನಾವೆಲ್ಲ ಹಾಂಗೇ ಅಲ್ದಾ ಬಪ್ದ್!"

ಇಡೀ ಸಭಾಭವನ ನಕ್ಕಿತು. ಮಾಲಕರು ನಕ್ಕರು, ಡ್ರೈವರರು ನಕ್ಕರು, ಪಂಚಕಜ್ಜಾಯ ಹಂಚುತ್ತಿದ್ದವರೂ ನಕ್ಕರು. ಗುಟ್ಟನ್ನು ಬಯಲಿಗೆಳೆದೆನೆಂದು ತಿಳಿದಿದ್ದ ಜಲಜಳಿಗೆ, ಅದು ಎಂದೂ ಗುಟ್ಟಾಗಿರಲೇ ಇಲ್ಲವೆಂಬುದು ಆ ನಗೆಯಲ್ಲಿ ತಿಳಿಯಿತು. ಬಂದ್ ಮಾಡಿದರೆ ಬ್ರೇಕ್ ಹಿಡಿಯದೆಂದು ಎಲ್ಲರೂ ಬಲ್ಲರು. ಹಿಂಬದಿಯಲ್ಲಿ ಕುಳಿತವರ ಹೊರತು ಎಲ್ಲರೂ.

ನಗದೆ ಇದ್ದವಳು ಚಂದ್ರಮತಿ ಒಬ್ಬಳೇ. ಅವಳು ನಿತೇಶನ ಕಡೆಗಾಗಲಿ ಮಾಲಕನ ಕಡೆಗಾಗಲಿ ನೋಡಲಿಲ್ಲ.

"ನಿಂಗ್ ಗೊತ್ತಿತ್ತಾ ಹೆಣೆ?" ಎಂದು ಕೇಳಿದಳು.

"ಗೊತ್ತಿತ್ತ್," ಎಂದಳು ಜಲಜ. "ಅದ್ಕೇ ನಾ ಮುಂದ್ ಕೂಕಂತಿದ್ದದ್ದ್."

ಚಂದ್ರಮತಿ ಹರಿವಾಣವನ್ನು ನೆಲದ ಮೇಲಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಜಲಜ ಪ್ರೇಮಾನಂದನತ್ತ ತಿರುಗಿದಳು.

"ಪ್ರೇಮಣ್ಣ, ನಾಳೆ ನೀವ್ ಬನಿ. ಹಿಂದ್ ಗೋಣಿ ಹಾಸಿ ಕೊಡ್ತೆ, ಕೂಕಣಿ. ನಿಮ್ ಹೆಂಡ್ತಿ ಮಕ್ಕಳನ್ನೂ ಕೂರ್ಸ್ಕಣಿ. ಇಂಜಿನ್ ಬಂದ್ ಮಾಡಿ ಇಳ್ಸ್ಲಿ ನನ್ನ ಮಗ. ಆಗ ಕಾಂಬ ಹದಿನಾರ್ ಬೇಕಾ ಬ್ಯಾಡ್ದಾ ಅಂದ್ಹೇಳಿ."

ಪ್ರೇಮಾನಂದ ನಗುನಗುತ್ತಲೇ ಅವಳ ಕೈಯಿಂದ ಮೈಕು ತೆಗೆದುಕೊಂಡ. "ತಾಯಿಯ ಕರುಳು, ಬಂಧುಗಳೇ, ಭಾವುಕರಾಗಿದ್ದಾರೆ. ಜೋರಾದ ಚಪ್ಪಾಳೆ ಬರಲಿ." ಚಪ್ಪಾಳೆ ಬಂತು. ಊಟಕ್ಕೆ ಎಲೆ ಹಾಕಿದೆಯೆಂದು ಇನ್ನಾರೋ ಕೂಗಿದರು. ಜನ ಎದ್ದರು.

ಮರುದಿನ, ಗುದ್ದಿದ ಮೂತಿಯನ್ನು ನೇರ ಮಾಡಿಸಿಕೊಂಡಿದ್ದ ಅದೇ ಗಾಡಿ ಘಟ್ಟದ ಮೇಲಿನಿಂದ ಹೊರಡುವಾಗ ಜಲಜ ಹಿಂಬದಿಗೆ ಹತ್ತಿ, ಕ್ರೇಟುಗಳ ನಡುವೆ ಕುಳಿತಳು. ಮುಂದಿನ ಸೀಟು ಖಾಲಿ ಉಳಿಯಿತು. ನಿತೇಶ ಕನ್ನಡಿಯಲ್ಲಿ ಅವಳನ್ನು ನೋಡಿದ. ಗಾಡಿಯನ್ನು ಎರಡನೇ ಗೇರಿಗೆ ಹಾಕಿ, ಇಂಜಿನ್ ಗುರುಗುಡುತ್ತಿರುವಂತೆಯೇ, ಕೊನೆಯ ತಿರುವಿನವರೆಗೂ ಮೆಲ್ಲನೆ ಇಳಿಸಿದ. ಹಾಗೆ ಗೇರಿನಲ್ಲಿ ಇಳಿದರೆ ಹೆಚ್ಚಾಗಿ ಸುಡುವ ಡೀಸೆಲಿನ ದುಡ್ಡಿಗೆ ಎಷ್ಟು ತುಂಡು ಅಂಜಲು ಬಂದೀತು? ಮನುಷ್ಯರ ಬೆರಳುಗಳಿಗೆ ಇವರು ಕಟ್ಟಿದ ಬೆಲೆ ಅದು.

"ಇವತ್ತೆಂತ ಎತ್ತಿನ ಗಾಡಿಯಾ?" ಎಂದು ಹಿಂಬದಿಯಲ್ಲಿ, ಸಭೆಗೆ ಬಾರದಿದ್ದ ಒಬ್ಬಳು ಗೊಣಗಿದಳು. ಯಾರೂ ನಗಲಿಲ್ಲ.

ಕೊಲ್ಲೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಿತೇಶ ತಾಯಿಯ ಬಳಿಗೆ ಬಂದ. "ಇನ್ನ್ ಹದಿನಾರ್ ಬತ್ತಿಲ್ಲೆ ಅಮ್ಮ. ಈ ಗಾಡಿಲಿ ನಾ ಹೆಚ್ಚ್ ದಿನ ಇಪ್ಪುದಿಲ್ಲೆ."

"ಇಪ್ಪುದ್ ಬ್ಯಾಡ," ಎಂದಳು ಜಲಜ. "ಸಂಜಿಗೆ ಚಂದ್ರಮತಿ ಮನಿಗ್ ಹ್ವಾಪ. ನೀನೂ ಬಾ. ನೀನೇ ಹೇಳ್ಕ್."

ಅವರು ಹೋದರು. ಚಂದ್ರಮತಿ ಬಾಗಿಲು ತೆರೆದಳು, ಕೂರಲು ಮಣೆ ಕೊಟ್ಟಳು, ನಿತೇಶ ಹೇಳಿದ್ದನ್ನೆಲ್ಲ ಕೇಳಿದಳು. ಜಲಜಳನ್ನು ಮಾತ್ರ ಹಿಂದಿನ ಸಲುಗೆಯಿಂದ ಹೆಣೆ ಎಂದು ಕರೆಯಲಿಲ್ಲ. ಅಂದಿನಿಂದ ಇಂದಿನವರೆಗೂ ಕರೆದಿಲ್ಲ.

ತಿಂಗಳು ತುಂಬುವ ಮೊದಲೇ ಪ್ರೇಮಾನಂದ ನಿತೇಶನನ್ನು ಬಿಡಿಸಿದ. ಅವನೀಗ ಬಂದರಿನಲ್ಲಿ ಕ್ರೇಟು ಹೊರುತ್ತಾನೆ. ಜಲಜ ಘಟ್ಟ ಹತ್ತುವುದನ್ನು ಬಿಟ್ಟು ಕೋಟೇಶ್ವರದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಮುದಿ ಗಾಡಿಗೆ ರತನ್ ಎಂಬ ಹೊಸ ಡ್ರೈವರ್ ಬಂದಿದ್ದಾನೆ. ಇಂಜಿನಿಗೆ ಕೆಲಸ ಮಾಡಿಸಿಲ್ಲ. ಏರಿನಲ್ಲಿ ಹೊಗೆ ಹಿಂದಿನಂತೆಯೇ ಕಪ್ಪು. ಆದರೂ ಮೈಲೇಜು ಮತ್ತೆ ಹದಿನಾರಕ್ಕೆ ಏರಿದೆಯೆಂದು ಪ್ರೇಮಾನಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ. ಕೇಳಿದವರು ತಲೆದೂಗುತ್ತಿದ್ದಾರೆ.

ನೀವು ತಲೆದೂಗಬೇಡಿ. ನಾಳೆ ನೀವು ಘಾಟಿಯ ಯಾವುದಾದರೂ ತಿರುವಿನಲ್ಲಿ ನಿಂತಿರುವಾಗ, ಹಳೆಯ ಪಿಕಪ್ಪೊಂದು ಸದ್ದಿಲ್ಲದೆ ಇಳಿದು ಬಂದರೆ, ಅದಕ್ಕೆ ಅಡ್ಡ ನಿಲ್ಲಬೇಡಿ, ಅದು ನಿಲ್ಲಲಾರದು. ಡ್ರೈವರನಿಗೆ ಕೈಬೀಸಬೇಡಿ, ಅವನಿಗೆ ಗೊತ್ತಿದೆ. ಬದಿಗೆ ಸರಿದು ನಿಂತು, ಹಿಂಬದಿಯಲ್ಲಿ ಗೋಣಿಯ ಮೇಲೆ ಕುಳಿತು ನಗುತ್ತ ಮಾತಾಡುತ್ತ ಬರುತ್ತಿರುವ ಆ ಹೆಂಗಸರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಇಂಜಿನ್ ಬಂದ್ ಇದೆ, ಬ್ರೇಕ್ ಹಿಡಿಯುವುದಿಲ್ಲ ಎಂದು ಕೂಗಿ ಹೇಳಿ.